ಬೇರು ಕಚ್ಚಿದೆಯೋ ಇಲ್ಲವೋ

ನಮ್ಮ ಹಿತ್ತಲಿನಲ್ಲಿ ಹುಲ್ಲಿದೆ. ಹುಲ್ಲು ಎಲ್ಲಿಲ್ಲ, ಅದನ್ನು ಹೇಳಲು ಇಷ್ಟು ದೊಡ್ಡ ಗಂಟಲು ಯಾಕೆ ಎಂದು ನೀವು ಕೇಳಬಹುದು. ಹಾಗೆ ಕೇಳುವವರು ನನ್ನ ಹೆಂಡತಿಯ ತಮ್ಮನನ್ನು ಕಂಡಿಲ್ಲ. ನಮ್ಮ ಮನೆಗೆ ಬಂದಾಗಲೆಲ್ಲ ಅವನು ಒಣಗಿ ನಿಂತ ಕುಂಡಗಳ ಮುಂದೆ ಒಂದು ನಿಮಿಷ ಮೌನ ಆಚರಿಸಿ, "ಭಾವ, ನಿಮ್ಮ ಕೈ ತಾಗಿದ್ರೆ ಪ್ಲಾಸ್ಟಿಕ್ ಹೂವೂ ಬಾಡುತ್ತೆ" ಎನ್ನುತ್ತಿದ್ದ. ಅದಕ್ಕೆ ಇವಳು ನಗುತ್ತಿದ್ದಳು. ಅವನು ಅಂದದ್ದನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಇವಳು ನಕ್ಕದ್ದು ಮಾತ್ರ ನಾಟಿತು. ಒಂದು ಸಲವಾದರೂ ತಮ್ಮನ ಎದುರಿಗೆ ಇವಳು "ನಮ್ಮೋರು ಬೆಳೆಸಿದ್ದು" ಎಂದು ತಲೆಯೆತ್ತಿ ಹೇಳಬೇಕು ಎಂಬ ಹಟ ನನಗೆ ಹಿಡಿಯಿತು.

ಆಗ ಹೊಳೆದದ್ದೇ ಲಾನ್. ಗಿಡವಾದರೆ ಬೀಜ ಹಾಕಬೇಕು, ಅದು ಮೊಳೆಯುವ ಮನಸ್ಸು ಮಾಡಬೇಕು, ಹುಳ ಹತ್ತಬಾರದು, ನೂರೆಂಟು ರಗಳೆ. ಲಾನ್ ಹಾಗಲ್ಲ. ಎಲ್ಲೋ ಬೆಳೆದ ಹುಲ್ಲನ್ನು ಮಣ್ಣಿನ ಸಮೇತ ಕತ್ತರಿಸಿ, ಚಾಪೆಯ ಹಾಗೆ ಸುತ್ತಿ ತರುತ್ತಾರೆ; ಹಿತ್ತಲಿನಲ್ಲಿ ಪಟ್ಟಿ ಪಟ್ಟಿಯಾಗಿ ಬಿಚ್ಚಿ ಹಾಸಿ ಹೋಗುತ್ತಾರೆ. ಬೆಳಿಗ್ಗೆ ಬರೀ ಮಣ್ಣು, ಮಧ್ಯಾಹ್ನಕ್ಕೆ ನಂದನವನ! (ನನ್ನಂಥವರನ್ನು ಕಣ್ಣಮುಂದೆ ಇಟ್ಟುಕೊಂಡೇ ಯಾರೋ ಪುಣ್ಯಾತ್ಮ ಇದನ್ನು ಕಂಡುಹಿಡಿದಿರಬೇಕು.)

ಹಾಸಿ ಮುಗಿಸಿದ ನರ್ಸರಿಯವನು ಕೈ ತೊಳೆಯುತ್ತ ಹೇಳಿದ: "ಬೆಳಿಗ್ಗೆ ಸಂಜೆ ನೀರು ಬಿಡಿ ಸರ್. ಸದ್ಯಕ್ಕೆ ಮೇಲೆ ಜಾಸ್ತಿ ಓಡಾಟ ಬೇಡ. ಸ್ವಲ್ಪ ದಿನ ಆದ್ಮೇಲೆ ಒಂದು ಮೂಲೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಏಳಲಿಲ್ಲ ಅಂದ್ರೆ ಬೇರು ಕಚ್ಚಿದೆ ಅಂತ ಅರ್ಥ."

ಎಳೆದು ನೋಡುವುದು! ನನಗೆ ಮೈ ಜುಮ್ಮೆಂದಿತು. ನಾನು ಬೀಗದ ಕಾರ್ಖಾನೆಯಲ್ಲಿ ತಪಾಸಣೆಗಾರ. ಹಾಕಿದ ಬೀಗವನ್ನು ಹಿಡಿದು ಎಳೆದು, ಕಚ್ಚಿದೆಯೋ ಇಲ್ಲವೋ ನೋಡುವುದೇ ನನ್ನ ಉದ್ಯೋಗ. ಮನೆ ಬಿಟ್ಟು ಹೊರಟಾಗಲೂ ಬಾಗಿಲ ಬೀಗ ಎಳೆಯುತ್ತೇನೆ, ಬೀದಿಯ ತುದಿ ಮುಟ್ಟಿದ ಮೇಲೆ ವಾಪಸ್ ಬಂದು ಮತ್ತೊಮ್ಮೆ ಎಳೆಯುತ್ತೇನೆ. (ಮದುವೆಯಾದ ಹೊಸತರಲ್ಲಿ ಇವಳು ಇದನ್ನು ಜವಾಬ್ದಾರಿ ಎನ್ನುತ್ತಿದ್ದಳು. ಈಗ ಬೇರೆ ಏನೋ ಎನ್ನುತ್ತಾಳೆ.)

ಅಂದಿನಿಂದಲೇ ಹಿತ್ತಲಿನಲ್ಲಿ ನನ್ನ ರಾಜ್ಯಭಾರ ಶುರುವಾಯಿತು. ಹುಲ್ಲಿನ ಮೇಲೆ ಮನುಷ್ಯಮಾತ್ರರು ಕಾಲಿಡಕೂಡದೆಂದು ಆಜ್ಞೆ ಹೊರಡಿಸಿದೆ.

"ಬಟ್ಟೆ ಒಣಗಿಸೋ ತಂತಿ ಹುಲ್ಲಿನ ಆ ಕಡೆ ಇದೆ. ಏನ್ರೀ ಮಾಡ್ಲಿ, ಹಾರ್ಕೊಂಡು ಹೋಗ್ಲಾ?" ಎಂದಳು ಇವಳು.

"ಒಳಗೇ ಒಣಗಿಸು. ಫ್ಯಾನ್ ಇಲ್ವಾ?"

"ಹಾಗಾದ್ರೆ ಈ ಹುಲ್ಲು ಹಾಕ್ಸಿದ್ದು ಯಾತಕ್ಕೆ?"

"ನೋಡೋಕೆ."

"ಎಲ್ಲಿಂದ?"

"ಅಡುಗೆಮನೆ ಕಿಟಕಿಯಿಂದ. ಪಾತ್ರೆ ತೊಳೀತಾ ಆರಾಮಾಗಿ ನೋಡು."

ಇವಳು ಸೌಟನ್ನು ಪಾತ್ರೆಯೊಳಗೆ ಸ್ವಲ್ಪ ಜೋರಾಗಿಯೇ ಹಾಕಿದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಬೆಳಗಾಗೆದ್ದು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಹುಲ್ಲಿಗೆ ನೋವಾಗದಂತೆ ತುಂತುರು ಹಾರಿಸುತ್ತ ನಿಲ್ಲುತ್ತಿದ್ದೆ. ಒದ್ದೆಯಾದ ಹುಲ್ಲಿನ ಮೇಲೆ ಬಿಸಿಲು ಬಿದ್ದರೆ, ಆಹಾ, ಕಾರ್ಖಾನೆಗೆ ಹೋಗಲು ಕಾಲೇ ಬರುತ್ತಿರಲಿಲ್ಲ. ಒಂದು ದಿನ ಹಾಗೆ ಮೈಮರೆತಿದ್ದಾಗ ಬಚ್ಚಲಿನಿಂದ ಕೂಗು ಬಂತು. "ರೀ! ಮುಖಕ್ಕೆ ಸೋಪು ಹಚ್ಕೊಂಡಿದೀನಿ, ನಲ್ಲೀಲಿ ನೀರಿಲ್ಲ! ಟ್ಯಾಂಕು ಖಾಲಿ ಮಾಡಿದ್ರಾ?"

ನಡುಮನೆಯಲ್ಲಿ ಕುಳಿತಿದ್ದ ನನ್ನ ಅತ್ತೆ (ಇವಳ ತಾಯಿ, ನಮ್ಮ ಜೊತೆಯಲ್ಲೇ ಇದ್ದಾರೆ, ಮಾತು ಕಡಿಮೆ, ಆಡಿದರೆ ತೂಕದ್ದೇ ಆಡುತ್ತಾರೆ) ತಲೆಯೆತ್ತದೆ ಹೇಳಿದರು: "ಅಳಿಯಂದ್ರೇ, ಇದರಲ್ಲಿ ಅರ್ಧ ಆರೈಕೆ ನನ್ನ ಮಗಳಿಗೆ ಮಾಡಿದ್ರೆ ಅವಳೂ ಹಸಿರಾಗಿ ಇರ್ತಿದ್ಲು."

ಇನ್ನು ತಪಾಸಣೆಯ ವಿಷಯ. ನರ್ಸರಿಯವನು ಸ್ವಲ್ಪ ದಿನ ಆದ ಮೇಲೆ ಅಂದಿದ್ದ, ನಿಜ. ಆದರೆ ನಮ್ಮ ಕಾರ್ಖಾನೆಯಲ್ಲಿ ಬೀಗವನ್ನು ಸ್ವಲ್ಪ ದಿನ ಆದ ಮೇಲೆ ಎಳೆಯುವ ಪದ್ಧತಿ ಇಲ್ಲ. ಒಂದು ಮೂಲೆ ಸಾಕು ಎಂದೂ ಅಂದಿದ್ದ. ಒಂದು ಬೀಗ ಎಳೆದು ನೂರಕ್ಕೆ ಮುದ್ರೆ ಒತ್ತುವ ಜಾತಿಯವನು ನಾನಲ್ಲ. ಹೀಗಾಗಿ ಮರುದಿನದಿಂದಲೇ, ನೀರು ಬಿಟ್ಟಾದ ಮೇಲೆ, ಅಂಚಿನಲ್ಲಿ ಒಂದು ಹಲಗೆ ಹಾಕಿಕೊಂಡು ಅದರ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಒಂದೊಂದೇ ಪಟ್ಟಿಯ ಅಂಚು ಎತ್ತಿ ನೋಡತೊಡಗಿದೆ. ಯಾವ ಪಟ್ಟಿಗೂ ಭೇದ ಮಾಡಲಿಲ್ಲ.

ಕೆಲವು ದಿನಕ್ಕೆ ಅಡಿಯಲ್ಲಿ ಬಿಳೀ ನೂಲಿನಂಥ ಬೇರುಗಳು ಕಂಡವು. ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಕಣ್ಣು ತುಂಬಿ ಬಂತು. ನನ್ನ ಕೈಯಲ್ಲಿ ಒಂದು ಜೀವ ಬೆಳೆಯುತ್ತಿತ್ತು! ಆ ಸಂತೋಷವನ್ನು ನಾನೊಬ್ಬನೇ ಹೇಗೆ ಅನುಭವಿಸಲಿ? ಹಾಲಿನವನಿಗೆ ಎತ್ತಿ ತೋರಿಸಿದೆ. ಕರೆಂಟ್ ಮೀಟರ್ ನೋಡಲು ಬಂದವನಿಗೆ ತೋರಿಸಿದೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನಂತೂ ದಿನವೂ ಕಾಂಪೌಂಡಿನ ಆಚೆಯಿಂದ ಕರೆದು ತೋರಿಸುತ್ತಿದ್ದೆ. "ನೆನ್ನೆ ನೋಡಿದ್ದೇ ಅಲ್ವೇನ್ರೀ ಇದು?" ಎಂದರು ಒಮ್ಮೆ. ಮೇಷ್ಟ್ರಿಗೆ ವಯಸ್ಸಾಗಿದೆ, ಸೂಕ್ಷ್ಮ ಕಾಣಿಸುವುದಿಲ್ಲ ಎಂದುಕೊಂಡು ಮುಂದಿನ ಪಟ್ಟಿ ಎತ್ತಿ ತೋರಿಸಿದೆ.

ಒಂದು ಭಾನುವಾರ ನಾನೇ ಫೋನ್ ಮಾಡಿ ಭಾಮೈದನನ್ನು ಕರೆಸಿದೆ. ಅವನು ಚಪ್ಪಲಿ ಬಿಡುವ ಮೊದಲೇ ಇವಳು, "ಬಾರೋ, ಮೊದ್ಲು ಹಿತ್ಲು ನೋಡು ಬಾ. ನಿಮ್ಮ ಭಾವ ಬೆಳೆಸಿರೋದು!" ಎಂದಳು. ಎಂದೇ ಬಿಟ್ಟಳು! ತಲೆಯೆತ್ತಿಯೇ ಎಂದಳು. ಭಾಮೈದ ಬಾಗಿಲಲ್ಲಿ ನಿಂತು ಆ ಹಸಿರನ್ನು ನೋಡಿ ಕಣ್ಣರಳಿಸಿದ. "ಒಪ್ಕೊಂಡೆ ಭಾವ. ಇನ್ಮೇಲೆ ನಿಮ್ಮ ಕೈ ವಿಷಯ ಬಾಯಿ ಬಿಡಲ್ಲ" ಎಂದ.

ಅಲ್ಲಿಗೆ ಅವನನ್ನು ಒಳಗೆ ಕರೆದು ಕಾಫಿ ಕೊಟ್ಟಿದ್ದರೆ ನಾನು ಇವತ್ತು ಬೇರೆಯೇ ಮನುಷ್ಯನಾಗಿರುತ್ತಿದ್ದೆ.

"ಬರೀ ನೋಡಿದ್ರೆ ಆಯ್ತೇನೋ? ಎಳೆದು ನೋಡು" ಎಂದೆ.

"ಬೇಡ ಭಾವ, ಹಾಳಾಗುತ್ತೆ."

"ಹೆದರ್ಬೇಡ. ನನ್ನ ಕೈಯಿಂದ ಪಾಸಾದ ಮಾಲು. ಶಕ್ತಿ ಹಾಕಿ ಎಳಿ!"

ಅವನು ಬಗ್ಗಿ ಶಕ್ತಿ ಹಾಕಿ ಎಳೆದ. ಪಟ್ಟಿ ಸರಾಗವಾಗಿ ಎದ್ದು ಬಂತು. ಭಾಮೈದ ಅಂಗಾತ ಬಿದ್ದ. ಹುಲ್ಲು ಅವನಿಗೆ ಎದೆಯವರೆಗೆ ಕಂಬಳಿ ಹೊದಿಸಿತು. ಒಂದು ಪಟ್ಟಿ ದೋಷದ್ದಿರಬಹುದು ಎಂದು ನಾನು ಮುಂದಿನದನ್ನು ಎಳೆದೆ. ಅದೂ ಬಂತು. ಅದರ ಮುಂದಿನದೂ ಬಂತು. ನೋಡನೋಡುತ್ತಿದ್ದಂತೆ ನಂದನವನ ಮತ್ತೆ ಸುರುಳಿಯಾಗತೊಡಗಿತು.

ಮೈ ಕೊಡವಿಕೊಂಡು ಎದ್ದ ಭಾಮೈದ ನಡುವಿನ ಒಂದು ಪಟ್ಟಿಗೆ ಕೈ ಹಾಕಿದ. "ಅರೆ, ಇದು ಬರ್ತಾನೇ ಇಲ್ಲ!" ಎಂದ. ನಾನು ಓಡಿ ಹೋಗಿ ಎಳೆದೆ. ಇಬ್ಬರೂ ಸೇರಿ ಎಳೆದೆವು. ಜಗ್ಗಲಿಲ್ಲ. ಹಿಂಬಾಗಿಲಿನಿಂದ ಬಟ್ಟೆಯ ತಂತಿಯವರೆಗೆ, ಕಾಲುದಾರಿಯ ಅಗಲಕ್ಕೆ, ಹುಲ್ಲು ನೆಲವನ್ನು ಕಚ್ಚಿ ಹಿಡಿದಿತ್ತು.

ಎಲ್ಲರೂ ಇವಳ ಕಡೆ ನೋಡಿದೆವು. ಇವಳು ಸೆರಗಿನ ತುದಿ ನೋಡಿದಳು.

"ಫ್ಯಾನಿನ ಕೆಳಗೆ ಒಣಗಿದ ಬಟ್ಟೆ ಮುಗ್ಗಲು ವಾಸ್ನೆ ಬರ್ತಿತ್ತು ಕಣ್ರೀ. ನೀವು ಕೆಲ್ಸಕ್ಕೆ ಹೋದ್ಮೇಲೆ ದಿನಾ ಅಲ್ಲೇ ನಡ್ಕೊಂಡು ಹೋಗಿ ಹರವಿ ಬರ್ತಿದ್ದೆ. ದಾರೀಲಿ ದಿನಾ ಹುಲ್ಲಿನ ಅಂಚು ಎದ್ದಿರೋದು. ಬಕೆಟ್ ಹಿಡ್ಕೊಂಡು ಎಡವಿ ಬೀಳ್ತೀನಿ ಅಂತ ಚೆನ್ನಾಗಿ ತುಳಿದು ಕೂರಿಸ್ತಿದ್ದೆ. ಯಾವ್ದೋ ಹೆಗ್ಗಣ ಎಬ್ಬಿಸ್ತಿದೆ ಅಂದ್ಕೊಂಡಿದ್ದೆ."

"ಪಾಷಾಣ ತರಿಸೋಣ ಅಂತಲೂ ಮಾತಾಡ್ಕೊಂಡಿದ್ವಿ" ಎಂದರು ಅತ್ತೆ, ನನ್ನನ್ನೇ ನೋಡುತ್ತ.

ಭಾಮೈದ ತಲೆಗೂದಲಿನಿಂದ ಹುಲ್ಲು ತೆಗೆದುಕೊಳ್ಳುತ್ತ, "ಭಾವ, ನಿಮ್ಮ ಕೈಗುಣ ಹಾಗಿರ್ಲಿ. ಅಕ್ಕನ ಕಾಲ್ಗುಣ ನೋಡಿದ್ರಾ?" ಎಂದ. ಇವಳು ನಗಲಿಲ್ಲ. ನನ್ನ ಮುಖ ನೋಡಿ, "ನೀರು ಹಾಕಿದ್ದು ಅವರೇ ಕಣೋ" ಎಂದಳು. ಆ ಒಂದು ಮಾತಿಗೆ ನಾನು ಅವಳಿಗೆ ಹುಲ್ಲಿನ ಮೇಲೆ ನಡೆಯಲಿಕ್ಕೇನು, ಕುಣಿಯಲಿಕ್ಕೂ ಅಪ್ಪಣೆ ಕೊಟ್ಟೆ.

ಎಲ್ಲ ಪಟ್ಟಿಗಳನ್ನೂ ಮತ್ತೆ ಹಾಸಿದೆವು. ಇವಳು ಮೂಲೆಯಿಂದ ಮೂಲೆಗೆ ತುಳಿದಳು, ನಾನು ನೀರು ಬಿಟ್ಟೆ, ನನ್ನ ಎರಡೂ ಕೈ ಪೈಪಿನ ಮೇಲೆಯೇ ಇವೆಯೇ ಎಂದು ಅತ್ತೆ ಕುರ್ಚಿ ಹಾಕಿಕೊಂಡು ಕಾದರು. ಈಗ ಬಂದು ನೋಡಿ. ಈ ಬೀದಿಯಲ್ಲಿ ಇಂಥ ಹುಲ್ಲು ಇನ್ನೊಂದಿದ್ದರೆ ನನ್ನ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ.

ಹೋದ ವಾರ ಭಾಮೈದನ ಫೋನು. ಅವನೂ ಹುಲ್ಲು ಹಾಸಿಸಿದ್ದಾನಂತೆ. "ಅಕ್ಕನ್ನ ಸ್ವಲ್ಪ ದಿನ ಕಳಿಸ್ಕೊಡಿ ಭಾವ. ಅವಳ ಕಾಲು ಬೀಳ್ಲಿ."

"ಅದಕ್ಕೇನು, ನಾನೂ ಬರ್ತೀನಿ" ಎಂದೆ.

"ನೀವು... ಬೇರು ಬಿಟ್ಮೇಲೆ ಬನ್ನಿ ಭಾವ" ಎಂದ.

ಇವಳನ್ನು ಬಸ್ಸು ಹತ್ತಿಸಿ ಬರುವಾಗ ಗೇಟಿನ ಹತ್ತಿರ ಮೇಷ್ಟ್ರು ಸಿಕ್ಕಿ, ಮನೆಯವರು ಎಲ್ಲಿಗೆ ಹೊರಟರು ಎಂದು ಕೇಳಿದರು.

"ಹುಲ್ಲು ಬೆಳೆಸೋಕೆ ಕರೆಸ್ಕೊಂಡಿದ್ದಾರೆ ಸಾರ್. ಬೇರೆ ಊರಿಂದ ಕರೆ ಬರುತ್ತೆ! ನಮ್ಮ ಹಿತ್ಲಲ್ಲಿರೋದೂ ನಮ್ಮೋಳು ಬೆಳೆಸಿದ್ದೇ" ಎಂದು ತಲೆಯೆತ್ತಿ ಹೇಳಿದೆ.

"ಗೊತ್ತು" ಎಂದರು ಮೇಷ್ಟ್ರು. "ನೀವು ಕಿತ್ತಿದ್ದನ್ನ ನಾನೇ ದಿನಾ ನೋಡ್ತಿದ್ನಲ್ಲ."