ಬಾಯಿಲ್ಲದ ಕಂಪ್ಯೂಟರ್

ನಮ್ಮ ಮನೆಗೆ ಬಂದ ಹೊಸ ಕಂಪ್ಯೂಟರಿಗೆ ಎಲ್ಲವೂ ಇತ್ತು, ಬಾಯಿಯೊಂದನ್ನು ಬಿಟ್ಟು.

ಹಳೆಯದಕ್ಕೆ ಬಾಯಿಯಿತ್ತು. ಗುಂಡಿ ಒತ್ತಿದರೆ ನಾಲಿಗೆ ಚಾಚುತ್ತಿತ್ತು, ಸಿ.ಡಿ. ಇಟ್ಟರೆ ನುಂಗಿ, ತೀರಿಹೋದ ನನ್ನ ಅಮ್ಮನ ದನಿಯಲ್ಲಿ ದೇವರ ಹಾಡು ಹಾಡುತ್ತಿತ್ತು. ಅಮ್ಮನ ದನಿ ಉಳಿದಿರುವುದು ಆ ಒಂದೇ ಸಿ.ಡಿ.ಯಲ್ಲಿ. ಅದನ್ನು ಕೇಳುತ್ತ ದೀಪ ಹಚ್ಚುವುದು, ಹಾಡು ಮುಗಿದ ಕೂಡಲೇ ಯಂತ್ರ ಆರಿಸಿ ಒಲೆಯ ಮೇಲಿನ ಹಾಲಿನತ್ತ ಓಡುವುದು ಹನ್ನೊಂದು ವರ್ಷಗಳ ನನ್ನ ದಿನಚರಿ.

(ಆ ಯಂತ್ರವನ್ನು ಸಾಗಹಾಕಿ ಎಂದು ಪೀಡಿಸಿದವಳೂ ನಾನೇ. ಅದರ ಫ್ಯಾನಿನ ಗೊರಗೊರ ನನ್ನ ಧ್ಯಾನಕ್ಕೆ ಅಡ್ಡ ಬರುತ್ತಿತ್ತು. ಈ ವಿಷಯ ಆವರಣದೊಳಗೇ ಇರಲಿ.)

"ರೀ, ಇದಕ್ಕೆ ಸಿ.ಡಿ. ಎಲ್ಲಿ ಹಾಕೋದು?"

ನಮ್ಮವರು ಯಂತ್ರವನ್ನು ಅತ್ತಿತ್ತ ತಿರುಗಿಸಿ ನೋಡಿದರು. "ಈಗ ಯಾರೇ ಸಿ.ಡಿ. ಹಾಕ್ತಾರೆ?"

"ನಾನು ಹಾಕ್ತೀನಿ. ತರೋ ಮುಂಚೆ ನೋಡ್ಬಾರದಿತ್ತಾ?"

"ಅದಕ್ಕೇನು, ಒಂದು ಬಾಯಿ ಕೂರಿಸಿದ್ರಾಯ್ತು!"

ಕಂಪ್ಯೂಟರ್ ಬಿಚ್ಚುವುದೆಂದರೆ ಅವರಿಗೆ ಪರಮಾನಂದ. ಮೆಮೊರಿ, ಹಾರ್ಡ್ ಡಿಸ್ಕ್, ಫ್ಯಾನು ಎಂದು ಬದಲಾಯಿಸಿ ಬದಲಾಯಿಸಿ, ಹಳೆಯದರಲ್ಲಿ ಮೂಲದ್ದೆಂದು ಉಳಿದದ್ದು ಹೊರಗಿನ ಡಬ್ಬ ಮತ್ತು ಆ ಬಾಯಿ ಮಾತ್ರ. ಇಂಥ ಶಸ್ತ್ರಚಿಕಿತ್ಸಾ ಚತುರರು ಸ್ಕ್ರೂಡ್ರೈವರ್ ಹಿಡಿದು ಹೊಸದರ ಬೆನ್ನು ಬಿಚ್ಚಿದರು. ಒಳಗೆ ಅಂಗೈಯಗಲದ ಒಂದೇ ಹಲಗೆ; ಸಕಲವೂ ಅದಕ್ಕೇ ಬೆಸುಗೆ.

"ಬದಲಾಯಿಸೋಕೆ ಏನೂ ಉಳಿಸಿಲ್ಲ ಕಣೇ ಇದರಲ್ಲಿ!" ಎಂದರು, ಆಟಿಕೆ ಕಳೆದುಕೊಂಡ ಮಗುವಿನಂತೆ.

ಮುಂದಿನ ಎಂಟು ದಿನ, ಹಳೆಯ ವಸ್ತುಗಳ ಬಗ್ಗೆ ಗಂಡಸರಿಗಿರುವ ಅಸಡ್ಡೆಯ ಕುರಿತು ನನ್ನ ಪ್ರವಚನಮಾಲೆ ನಡೆಯಿತು. ಒಂಬತ್ತನೆಯ ದಿನ ನಮ್ಮವರು, ಹಳೆಯದನ್ನು ಒಯ್ದಿದ್ದ ರಿಪೇರಿಯವನನ್ನೇ ಕರೆತಂದರು.

"ಒಳಗೆ ಕೂರ್ಸೋಕಾಗಲ್ಲ ಅಮ್ಮಾ. ಹಳೇದರ ಬಾಯಿನೇ ಬಿಚ್ಚಿ ತಂದಿದೀನಿ. ಹೊರಗಿಂದ ವೈರ್ ಸಿಕ್ಕಿಸಿದ್ರೆ ಹಾಡುತ್ತೆ."

ನಾನು ದೇವರ ಮುಂದಿದ್ದ, ಸಿ.ಡಿ.ಯ ರೇಷ್ಮೆಬಟ್ಟೆಯ ಗಂಟನ್ನು ತಂದೆ. "ನೋಡಿ, ಹನ್ನೊಂದು ವರ್ಷ! ಒಂದು ಗೀರಿಲ್ಲ. ವಸ್ತು ಕಾಪಾಡೋದು ಅಂದ್ರೆ ಹೀಗೆ, ನಿಮ್ಮ ಹಾಗಲ್ಲ," ಎಂದು ಗಂಟು ಬಿಚ್ಚಿ ಡಬ್ಬಿ ತೆರೆದೆ.

ಡಬ್ಬಿ ಖಾಲಿ.

ಬಟ್ಟೆಯನ್ನು ಕೊಡವಿದೆ; ಏನೂ ಬೀಳಲಿಲ್ಲ. ನಮ್ಮವರು ಬಗ್ಗಿ ಡಬ್ಬಿಯೊಳಗೆ ಇಣುಕಿದರು. (ಬೈದಿದ್ದರೆ ಎಷ್ಟೋ ವಾಸಿಯಿತ್ತು.) ಅಷ್ಟರಲ್ಲಿ ರಿಪೇರಿಯವನು ವೈರು ಸಿಕ್ಕಿಸಿ ಗುಂಡಿ ಒತ್ತಿದ. ನಾಲಿಗೆ ಹೊರಬಂತು. ಅದರ ಮೇಲೆ ಫಳಫಳ ಹೊಳೆಯುತ್ತಿತ್ತು, ಅಮ್ಮನ ಸಿ.ಡಿ.!

ಕೊನೆಯ ದಿನ ಹಾಡು ಕೇಳಿ, ತೆಗೆಯದೆ, ಬರೀ ಡಬ್ಬಿಯನ್ನು ಭಕ್ತಿಯಿಂದ ಗಂಟು ಕಟ್ಟಿದ್ದೆ. ಅಮ್ಮನನ್ನು ಎಂಟು ದಿನ ಗುಜರಿಯಲ್ಲಿ ಕೂರಿಸಿದವಳು ನಾನು.

ಹಾಡು ಶುರುವಾಯಿತು. ಮೂವರೂ ನಿಂತಲ್ಲೇ ನಿಂತೆವು. ಮುಗಿದ ಮೇಲೂ ಆರಿಸಲು ಯಾರ ಕೈಯೂ ಏಳಲಿಲ್ಲ. ಸ್ವಲ್ಪ ಹೊತ್ತು ಬರೀ ಸರಸರ ಸದ್ದು. ಆಮೇಲೆ ಅಮ್ಮನ ಮಾತು:

"ಮುಗೀತಾ? ಅಳಿಯಂದಿರೇ, ಇದನ್ನ ನೀವೇ ಎತ್ತಿಡಿ. ನನ್ನ ಮಗಳ ಕೈಗೆ ಕೊಡ್ಬೇಡಿ. ದೇವರ ಧ್ಯಾನದಲ್ಲಿ ಎಲ್ಲಿಟ್ಟೆ ಅನ್ನೋದೇ ಮರೀತಾಳೆ."

ರಿಪೇರಿಯವನು ತನ್ನ ಸ್ಕ್ರೂಡ್ರೈವರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ನಮ್ಮವರು ನಕ್ಕ ನಗು ಮೂರನೇ ಮನೆಗೆ ಕೇಳಿರಬೇಕು.

ಈಗ ಸಿ.ಡಿ. ಇರುವುದು ಅವರ ಬೀರುವಿನಲ್ಲಿ. ದಿನವೂ ದೇವರಿಗೆ ಕೈ ಮುಗಿಯುವ ಮುಂಚೆ ಅವರ ಮುಂದೆ ಕೈ ಚಾಚುತ್ತೇನೆ. "ವಾಪಸ್ ಕೊಡ್ತೀಯಾ ತಾನೆ?" ಎಂದು ಕೇಳಿಯೇ ಕೊಡುತ್ತಾರೆ. ಕೇಳಲಿ. ಅಮ್ಮ ಬೈಯುವವರೆಗೂ ನಾನೀಗ ಏಳುವುದಿಲ್ಲ. ಹಾಲು ಉಕ್ಕಿದರೆ ಉಕ್ಕಲಿ.