ಅತ್ತೆಗೆಂದು ಕಾಯಿಸಿದ ಪೀಚ್ ಬೆಣ್ಣೆ

ನಾನು ಅಡುಗೆಗೆ ಇಳಿಯುವುದು ಅಪರೂಪ. ಇಳಿದರೆ ಮಾತ್ರ ಊರು ನೆನಪಿಟ್ಟುಕೊಳ್ಳುವಂತಿರಬೇಕು ಎಂಬುದು ನನ್ನ ನಿಲುವು. ಕಳೆದ ಜೂನ್‌ನ ಒಂದು ಶುಕ್ರವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಹೆಂಡತಿ ಕಲ್ಪನಾಳ ಎದುರು ಘೋಷಿಸಿಯೇಬಿಟ್ಟೆ: ನಿಮ್ಮ ಅವ್ವನಿಗೆ ಊಟ ಸೇರುವಂತೆ ಮಾಡುವ ಹೊಣೆ ಇನ್ನು ನನ್ನದು. ಚನ್ನಗಿರಿ ತಾಲ್ಲೂಕಿನ ಚರಿತ್ರೆಯಲ್ಲೇ ಮೊದಲ ಪೀಚ್ ಬೆಣ್ಣೆ ಇವತ್ತು ನಮ್ಮ ಹಿತ್ತಲಲ್ಲಿ ತಯಾರಾಗಲಿದೆ!

ಘೋಷಣೆಗೆ ಕಾರಣವಿತ್ತು. ಅತ್ತೆ ಪ್ರೇಮಮ್ಮ ನಲ್ಲೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಬಾಯಲ್ಲಿ ಉಳಿದಿದ್ದ ಒಂಬತ್ತು ಹಲ್ಲನ್ನೂ ಕೀಳಿಸಿ ಎರಡು ವಾರವಾಗಿತ್ತು. ಹೊಸ ಹಲ್ಲಿನ ಸೆಟ್ಟು ಕೂರಿಸುವವರೆಗೆ ಗಂಜಿ, ಮೆತ್ತನೆಯ ಅನ್ನ ಕೊಡಿ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಅದನ್ನೂ ನಾಲ್ಕು ಚಮಚ ಕುಡಿದು ಬಟ್ಟಲು ಸರಿಸಿಬಿಡುತ್ತಿದ್ದರು. ತೂಕ ಮೂರು ಕೆಜಿ ಇಳಿದಿತ್ತು. ಕಲ್ಪನಾ ದಿನಕ್ಕೆ ಮೂರು ಸಲ ಫೋನ್ ಮಾಡಿ, ಮೂರು ಸಲವೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಯಾವತ್ತೋ ಕಾಶಿ ಯಾತ್ರೆಗೆ ಹೋದಾಗ ಅವ್ವ ಪೀಚ್ ಹಣ್ಣು ತಿಂದು ಬಾಯಿ ಚಪ್ಪರಿಸಿದ್ದು ಅವಳಿಗೆ ನೆನಪಾಗಿ, ಶಿವಮೊಗ್ಗಕ್ಕೆ ಹೊರಟಿದ್ದ ನನಗೆ ಎರಡು ಕೆಜಿ ತರಲು ಹೇಳಿದ್ದಳು. ನಾನು ಎರಡು ಪೆಟ್ಟಿಗೆ ತಂದೆ. ನೋಡಲು ಹಣ್ಣಿಗೆ ಮದುಮಗಳ ಕೆನ್ನೆಯ ಬಣ್ಣ. ಒತ್ತಿ ನೋಡಿದರೆ ಕ್ರಿಕೆಟ್ ಚೆಂಡು.

"ಹಲ್ಲಿರೋ ನನಗೇ ಆಗ್ತಿಲ್ಲ. ಅವ್ವ ಇದನ್ನ ಹೆಂಗೆ ತಿಂತಾಳ್ರೀ?" ಎಂದು ಕಲ್ಪನಾ ಕೇಳಿದ್ದಳು. ಅದಕ್ಕೆ ಉತ್ತರವೇ ಪೀಚ್ ಬೆಣ್ಣೆ. ಹೆಸರಿಗೆ ಬೆಣ್ಣೆಯಾದರೂ ಅದರಲ್ಲಿ ಬೆಣ್ಣೆ ಇರುವುದಿಲ್ಲ. ಹಣ್ಣಿನ ತಿರುಳನ್ನು ಸಕ್ಕರೆ, ನಿಂಬೆರಸದೊಂದಿಗೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಬೆಣ್ಣೆಯಷ್ಟು ನುಣ್ಣಗಾಗಿಸುವುದು. ಇದನ್ನು ನಾನು ಮೊಬೈಲಿನಲ್ಲಿ ಏಳು ನಿಮಿಷ ನೋಡಿ ಕಲಿತಿದ್ದೆ. ಏಳು ನಿಮಿಷದಲ್ಲಿ ಎಲ್ಲೂ ಪಾತ್ರೆಯ ಪೂರ್ವಾಪರ ವಿಚಾರಿಸಿ ಎಂದು ಹೇಳಿರಲಿಲ್ಲ.

ನಮ್ಮ ಮನೆಯ ಅತಿ ದೊಡ್ಡ ಪಾತ್ರೆಯಲ್ಲಿ ಅರ್ಧ ಪೆಟ್ಟಿಗೆಯೂ ಹಿಡಿಯಲಿಲ್ಲ. ನಾಲ್ಕೈದು ಸಲ ಮಾಡ್ರಿ ಎಂದಳು ಕಲ್ಪನಾ. ಚರಿತ್ರೆಯನ್ನು ಕಂತಿನಲ್ಲಿ ಮಾಡಲಾಗುವುದಿಲ್ಲ ಎಂದು ಹೇಳಿ ಪಕ್ಕದ ಮನೆಗೆ ನಡೆದೆ. ಪಕ್ಕದ ಮನೆಯ ಬೆನಕಪ್ಪನವರದು ಅಡಿಕೆ ಖೇಣಿ. ಬೇರೆಯವರ ತೋಟದ ಫಸಲು ಹಿಡಿದು, ಸುಲಿಸಿ, ಬೇಯಿಸಿ, ಒಣಗಿಸಿ ಮಾರುತ್ತಾರೆ. ಕೊಯ್ಲಿಗೆ ಇನ್ನೂ ಎರಡು ತಿಂಗಳಿದ್ದುದರಿಂದ ಅಡಿಕೆ ಬೇಯಿಸುವ ಹಂಡೆಗಳು ಶೆಡ್ಡಿನಲ್ಲಿ ಬೋರಲು ಮಲಗಿದ್ದವು.

"ತೊಳ್ದೈತಾ ಬೆನಕಪ್ಪಾರೆ?"

"ತೊಳ್ದೇ ಬೋರಲು ಹಾಕಿರೋದು ಸಾರ್."

ಆದರೂ ನಾನು ಮೂರು ಸಲ ನೀರು ಹಾಕಿ ಗಲಬರಿಸಿದೆ. ಹಂಡೆಯ ಒಳಮೈ ಕಡುಗೆಂಪಾಗಿ ಮಿರಮಿರ ಮಿಂಚುತ್ತಿತ್ತು. ಹಳೆಯ ಪಾತ್ರೆಗಳಿಗೊಂದು ಗಾಂಭೀರ್ಯವಿರುತ್ತದೆ ಎಂದುಕೊಂಡೆ.

ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆ. ಹಣ್ಣನ್ನು ಬಿಸಿನೀರಿಗೆ ಹಾಕಿ ತೆಗೆದು, ಸಿಪ್ಪೆ ಸುಲಿದು, ಓಟೆ ಬಿಡಿಸುವಷ್ಟರಲ್ಲಿ ಹನ್ನೊಂದಾಯಿತು. ಅಲ್ಲಿಂದ ಸಂಜೆ ನಾಲ್ಕರವರೆಗೆ ನಾನು ಸೌಟು ಬಿಡಲಿಲ್ಲ. ಒಂದು ಅಂಗೈ, ಎರಡು ಹುಬ್ಬು ಸುಟ್ಟುಕೊಂಡೆ. ತಿರುಳು ಕೊತಕೊತ ಕುದಿದು ಎಗರಿ ಬನಿಯನ್ನಿನ ಮೇಲೆ ನಕಾಶೆ ಬರೆಯಿತು. ಆದರೆ ಬಣ್ಣ ನೋಡಬೇಕಿತ್ತು! ಹಳದಿಯಿದ್ದ ತಿರುಳು ಒಂದು ಗಂಟೆಗೆ ಕೇಸರಿಯಾಯಿತು, ಎರಡಕ್ಕೆ ಕುಂಕುಮವಾಯಿತು, ಮೂರಕ್ಕೆ ಮಾಣಿಕ್ಯವಾಯಿತು. ಮೊಬೈಲಿನವನದು ಈ ಬಣ್ಣಕ್ಕೆ ಬಂದೇ ಇರಲಿಲ್ಲ. ಕೈಗುಣ ಎಂದರೆ ಇದೇ ಎಂದು ಕಲ್ಪನಾಳನ್ನು ಎರಡು ಸಲ ಕರೆದು ತೋರಿಸಿದೆ.

ನಾಲ್ಕು ಗಂಟೆಗೆ ಬೆನಕಪ್ಪ ಬೇಲಿಯಾಚೆಯಿಂದ ಇಣುಕಿದರು. ಹಂಡೆಯನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿದರು.

"ಹಂಡೆ ತಿಕ್ಕಿದ್ರಾ ಸಾರ್?"

"ತೊಳ್ದೈತೆ ಅಂದ್ರಲ್ಲ ನೀವು."

"ತೊಳ್ದೈತೆ. ತಿಕ್ಕಿಲ್ಲ. ಅಡಿಕೆ ಹಂಡೆ ಯಾರಾದ್ರೂ ತಿಕ್ತಾರಾ? ಹತ್ತು ವರ್ಷದ ಚೊಗರು ಕೂತೈತೆ ಒಳಗೆ. ಅದನ್ನ ತೆಗೆದ್ರೆ ಅಡಿಕೆಗೆ ಬಣ್ಣ ಎಲ್ಲಿಂದ ಬರ್ತೈತೆ?"

ಅಡಿಕೆ ಬೇಯಿಸಿ ಇಳಿದ ಒಗರು ರಸವೇ ಚೊಗರು. ಅದು ಹಂಡೆಗೆ ಹಿಡಿದಷ್ಟೂ ಒಳ್ಳೆಯದೆಂದು ನಮ್ಮ ಕಡೆ ಯಾರೂ ಹಂಡೆಯ ಒಳಗೆ ನಾರು ಮುಟ್ಟಿಸುವುದಿಲ್ಲ. ಈ ಸಂಗತಿಯನ್ನು ಎರಡು ವರ್ಷದ ಹಿಂದೆ ನಮ್ಮ ಪತ್ರಿಕೆಯಲ್ಲಿ ಫೋಟೋ ಸಮೇತ ಅರ್ಧ ಪುಟ ಬರೆದ ವರದಿಗಾರ ನಾನೇ. ಹಣ್ಣಿನ ಹುಳಿ, ನಿಂಬೆರಸ, ಐದು ಗಂಟೆಯ ಉರಿ ಸೇರಿ ಹತ್ತು ವರ್ಷದ ಚೊಗರನ್ನು ಸಾಂಗವಾಗಿ ಕೆಳಗಿಳಿಸಿದ್ದವು.

ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಮೊದಲು ಸಿಹಿ. ಆಮೇಲೆ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು, ಕೆನ್ನೆಗಳು ಒಳಗೊಳಗೇ ಒಂದನ್ನೊಂದು ಭೇಟಿಯಾದವು. ಕಲ್ಪನಾಳೂ ರುಚಿ ನೋಡಿದಳು. ಎರಡು ಲೋಟ ನೀರು ಕುಡಿದ ಮೇಲೆ ಹೇಳಿದಳು:

"ಅವ್ವಗೆ ಹಣ್ಣು ಬರ್ತೈತೆ ಅಂತ ಮೊನ್ನೇನೇ ಹೇಳೀನಿ, ಕಾಯ್ತಾ ಕುಂತಾಳೆ. ಭಾನುವಾರ ಒಂದು ಬಾಟ್ಲಿ ಹಿಡ್ಕಂಡು ಬರ್ರಿ. ಹಣ್ಣಿಗೆ ಏನು ಗತಿ ಕಾಣಿಸಿದ್ರಿ ಅಂತ ನೀವೇ ಹೇಳ್ರಿ."

ಹಾಗೆ ಭಾನುವಾರ ಬೆಳಿಗ್ಗೆ, ಸಾಕ್ಷ್ಯವನ್ನು ತಾನೇ ಹೊತ್ತು ಕೋರ್ಟಿಗೆ ಹೋಗುವ ಆರೋಪಿಯಂತೆ ನಾನು ಕಲ್ಪನಾಳ ಹಿಂದೆ ನಲ್ಲೂರಿನ ಬಸ್ಸು ಹತ್ತಿದೆ.

ಅತ್ತೆ ನಡುಮನೆಯ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಮುಖ ಒಂದು ಹಿಡಿಯಾಗಿತ್ತು. ಪಕ್ಕದಲ್ಲಿ ಬೆಳಗಿನ ಗಂಜಿ ಕೆನೆಗಟ್ಟಿ ಕುಳಿತಿತ್ತು. ಅವರ ದೃಷ್ಟಿ ಮಾತ್ರ ಎದುರಿನ ಗೂಟದ ಮೇಲೆ. ಅಲ್ಲಿ, ಅವರ ಕೈಗೆಟುಕದ ಎತ್ತರದಲ್ಲಿ, ಅವರ ಎಲೆಅಡಿಕೆ ಚೀಲ ನೇತಾಡುತ್ತಿತ್ತು. ಹಲ್ಲು ಕಿತ್ತ ದಿನವೇ ಡಾಕ್ಟರ ಮಾತಿನಂತೆ ಮಗ ಅದನ್ನು ಮೇಲೇರಿಸಿದ್ದನಂತೆ.

ನಾನು ಗಂಟಲು ಸರಿಪಡಿಸಿಕೊಂಡು, ಅತ್ತೇರೆ, ಒಂದು ತಪ್ಪಾಗಿದೆ ಎಂದು ಶುರು ಮಾಡುವುದರೊಳಗೆ ಅವರು ಬಾಟಲಿ ಕಸಿದುಕೊಂಡು ಮುಚ್ಚಳ ತೆಗೆದಿದ್ದರು. ಬೆರಳದ್ದಿ ಬಾಯಿಗಿಟ್ಟರು. ನಾನು ಕಣ್ಣು ಮುಚ್ಚಿದೆ.

ಕಣ್ಣು ತೆರೆದರೆ ಅತ್ತೆಯ ಬಾಯಿ ನಿಧಾನವಾಗಿ ಆಡುತ್ತಿತ್ತು. ಬಲಗೆನ್ನೆಯಿಂದ ಎಡಗೆನ್ನೆಗೆ, ಅಲ್ಲಿಂದ ಮತ್ತೆ ಬಲಗೆನ್ನೆಗೆ. ಮುಖದ ಸುಕ್ಕುಗಳೆಲ್ಲ ಒಂದೊಂದಾಗಿ ಸಡಿಲವಾದವು.

"ಕಲ್ಪೀ, ಆ ಗಂಜಿ ಬಿಸಿ ಮಾಡ್ಕಂಡು ಬಾ. ಮೊದ್ಲು ಉಂಡುಬಿಡ್ತೀನಿ. ಆಮೇಲೆ ಇದನ್ನ ಎಲಿಗೆ ಹಚ್ಚಿ ಕೊಡು. ಸುಣ್ಣ ಬ್ಯಾಡ, ಡಾಕ್ಟ್ರು ಬೈತಾರೆ."

ಕಲ್ಪನಾ ನಿಂತಲ್ಲೇ ನಿಂತಳು. "ಇಷ್ಟು ದಿನ ಯಾಕೆ ಉಣ್ಲಿಲ್ಲವ್ವಾ ಮತ್ತೆ?"

"ಉಂಡಾದ ಮೇಲೆ ಬಾಯಿಗೆ ಅಡಿಕೆ ಇಲ್ಲ ಅಂದ್ರೆ ಯಾವ ಸುಖಕ್ಕೆ ಉಣ್ಬೇಕೇ? ನೀವು ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಊರವರನ್ನೆಲ್ಲ ಪ್ರಶ್ನೆ ಕೇಳಿಯೇ ಸಂಬಳ ಎಣಿಸುವ ನಾನಂತೂ ಕೇಳಿರಲಿಲ್ಲ. ಅತ್ತೆ ಎರಡು ಬಟ್ಟಲು ಗಂಜಿ ಕುಡಿದು, ಕುಟ್ಟಿದ ವೀಳ್ಯದೆಲೆಗೆ ನನ್ನ ಐದು ಗಂಟೆಯ ಮಾಣಿಕ್ಯ ಸವರಿಕೊಂಡು ಬಾಯಿಗಿಟ್ಟರು. ಕಲ್ಪನಾ ನಗುತ್ತಾ ಕಣ್ಣೊರೆಸಿಕೊಂಡಳು. ನನ್ನ ಎದೆ ಮತ್ತೆ ಮೆಲ್ಲಗೆ ಉಬ್ಬತೊಡಗಿತು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅತ್ತೆ ನನ್ನತ್ತ ಮೆಚ್ಚುಗೆಯಿಂದ ನೋಡಿದರು.

"ಅಡಿಕೆ ಪಸಂದಾಗಿ ಬೇಯ್ಸೀರಿ ಅಳಿಯಂದ್ರೆ," ಎಂದರು. "ಏನೋ ಹಣ್ಣು ಬಿದ್ದು ಸ್ವಲ್ಪ ಕೆಟ್ಟೈತೆ. ಮುಂದಿನ ಸಲ ನೋಡ್ಕಂಡು ಮಾಡ್ರಿ."