ಕೇಳದೆ ಪ್ರಾರ್ಥಿಸದ ಚಿಕ್ಕಮ್ಮ

ಆ ಶುಕ್ರವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ, ದುಬೈ–ಅಬುಧಾಬಿ ಹೆದ್ದಾರಿಯಲ್ಲಿ, ಎಲ್ಲವೂ ಕೆಡಲು ಶುರುವಾಯಿತು. ದಟ್ಟ ಮಂಜು. ಮುಂದಿನ ಕಾರು ನಿಂತಿತು, ನಾನು ಬ್ರೇಕ್ ಒತ್ತಿದೆ, ಹಿಂದೆ ಎಲ್ಲೋ ಕಣ್ಣಿಗೆ ಕಾಣದ ಜಾಗದಲ್ಲಿ ಕಾರುಗಳು ಒಂದಕ್ಕೊಂದು ಗುದ್ದುವ ಸದ್ದು ಕೇಳತೊಡಗಿತು. ಇಂಥ ಹೊತ್ತಿನಲ್ಲಿ ಸಾಮಾನ್ಯ ಮನುಷ್ಯರು ಏನು ಮಾಡುತ್ತಾರೆ? ಓಡುತ್ತಾರೆ, ಕಿರುಚುತ್ತಾರೆ, ಗೊತ್ತಿರುವ ದೇವರನ್ನೆಲ್ಲ ಒಟ್ಟಿಗೆ ಕೂಗುತ್ತಾರೆ. ನನ್ನ ಚಿಕ್ಕಮ್ಮ ಮಾತ್ರ ರಸ್ತೆ ಬದಿಯ ಮರಳಿನಲ್ಲಿ ನಡುಗುತ್ತ ನಿಂತಿದ್ದ ಪಠಾಣ್ ಟ್ಯಾಕ್ಸಿ ಡ್ರೈವರನೊಬ್ಬನ ಬಳಿ ಹೋಗಿ, ಬ್ಯಾಂಕಿನಲ್ಲಿ ಪಕ್ಕದವರ ಪೆನ್ನು ಕೇಳುವಷ್ಟು ನಯವಾಗಿ, "ನಿಮಗಾಗಿ ಪ್ರಾರ್ಥನೆ ಮಾಡಬಹುದೇ?" ಎಂದು ಹಿಂದಿಯಲ್ಲಿ ಅನುಮತಿ ಕೇಳಿದರು!

ಆ ದಿನದಿಂದ ನನ್ನ ನಿದ್ದೆ ಹೋಯಿತು. ಅದು ಮರಳಿ ಬಂದದ್ದು ಹೇಗೆಂದು ಹೇಳಬೇಕಾದರೆ ಮೊದಲು ಚಿಕ್ಕಮ್ಮನ ಈ ಅನುಮತಿ ಕೇಳುವ ರೋಗದ ಬಗ್ಗೆ ಹೇಳಬೇಕು.

ಇವರು ನನ್ನ ಅಮ್ಮನ ತಂಗಿ. ಉಡುಪಿಯಲ್ಲಿ ಹುಟ್ಟಿ, ನರ್ಸ್ ಆಗಿ ಇಂಗ್ಲೆಂಡಿಗೆ ಹೋದವರು ಅಲ್ಲಿ ವಿಕ್ಕಾ ಎಂಬ ಧರ್ಮಕ್ಕೆ ಸೇರಿದರು. ಚಂದ್ರ, ಮರ, ಋತುಗಳ ತಿರುಗಾಟ, ಒಬ್ಬ ದೇವಿ, ಒಬ್ಬ ದೇವ – ಇವನ್ನೆಲ್ಲ ಬಯಲಿನಲ್ಲಿ ವೃತ್ತವಾಗಿ ನಿಂತು ಆರಾಧಿಸುವ ಧರ್ಮ. ಹೊರಗಿನವರು ಈ ಧರ್ಮದವರನ್ನು ಮಾಟಗಾತಿಯರು ಎನ್ನುತ್ತಾರೆ. ಅವರೂ ಬೇಸರ ಮಾಡಿಕೊಳ್ಳದೆ ಹಾಗೆಯೇ ಕರೆದುಕೊಳ್ಳುತ್ತಾರೆ! ಎಷ್ಟೋ ವರ್ಷ ಕಲಿತು ನಮ್ಮ ಚಿಕ್ಕಮ್ಮ ಅಲ್ಲಿ ಪುರೋಹಿತೆಯಾದರು. ಸುದ್ದಿ ಉಡುಪಿಗೆ ತಲುಪಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅದನ್ನು ಪಾಸ್‌ಪೋರ್ಟಿನಲ್ಲಿಯೂ ಬರೆದಿದ್ದಾರಾ?"

ಇಂಥವರು ನಿವೃತ್ತರಾಗಿ, ಮೂರು ತಿಂಗಳ ವಿಸಿಟ್ ವೀಸಾದಲ್ಲಿ ದುಬೈನ ಅಲ್ ನಹ್ದಾದ ನಮ್ಮ ಫ್ಲ್ಯಾಟಿಗೆ ಬರುತ್ತೇನೆಂದರೆ ನನ್ನ ಸ್ಥಿತಿ ಊಹಿಸಿಕೊಳ್ಳಿ. ಮಾಟ-ಮಂತ್ರವೆಂದರೆ ಜೈಲಿಗೆ ಕಳಿಸುವ ದೇಶ ಇದು. ವಿಮಾನ ನಿಲ್ದಾಣದಿಂದ ಬರುವಾಗ ದಾರಿಯುದ್ದಕ್ಕೂ ಅವರ ಪೆಟ್ಟಿಗೆಯನ್ನೇ ಗುಮಾನಿಯಿಂದ ನೋಡುತ್ತಿದ್ದೆ. ಅವರಿಗೆ ಅರ್ಥವಾಯಿತು.

"ಹೆದರ್ಬೇಡ ಮಾರಾಯ. ಅದರಲ್ಲಿ ಇರೂದು ಬಿಸ್ಕತ್ತು, ಸ್ವೆಟರ್. ಪೂಜೆಯ ಸಾಮಾನೆಲ್ಲ ಅಲ್ಲಿಯೇ ಬಿಟ್ಟು ಬಂದಿದ್ದೇನೆ. ಇನ್ನೊಬ್ಬರ ಊರಿಗೆ ಹೋದವಳು ಆ ಊರಿನ ಕಾನೂನು ಮುರಿದ್ರೆ ಅದು ಮರ್ಯಾದೆಯಾ?"

"ಹಾಗಾದ್ರೆ ಮೂರು ತಿಂಗಳು ಪೂಜೆ ಇಲ್ಲದೆ ಪುರೋಹಿತರಿಗೆ ಕೆಲಸ ಎಂತದು ಚಿಕ್ಕಮ್ಮ?"

"ಪೂಜೆ ನಮ್ಮಲ್ಲಿ ಅವರವರದ್ದು ಅವರವರೇ ಮಾಡ್ಕೊಳ್ತಾರೆ. ಪುರೋಹಿತರು ಇರೂದು ಊರಿಗೆ."

ಇದೆಂಥ ಪೌರೋಹಿತ್ಯ? ನನಗೆ ಕುತೂಹಲ ತಡೆಯಲಾಗಲಿಲ್ಲ, ಕೆದಕಿ ಕೆದಕಿ ಕೇಳಿದೆ. ಅಲ್ಲಿ ಇವರು ಆಸ್ಪತ್ರೆಯಲ್ಲಿ ಯಾರೂ ಇಲ್ಲದೆ ಮಲಗಿರುವವರ ಪಕ್ಕ ಕೂರುತ್ತಿದ್ದರಂತೆ, ಅವರು ಯಾವ ಧರ್ಮದವರಾದರೂ ಸರಿ. ಯಾರೋ ಹಬ್ಬ ಮಾಡಿ ಬಿಟ್ಟುಹೋದ ಬಯಲಿಗೆ ಮರುದಿನ ಹೋಗಿ, ಕಲ್ಲಿಗಂಟಿದ ಮೋಂಬತ್ತಿಯ ಮೇಣವನ್ನು ಚಮಚದಿಂದ ಕೆರೆದು, ಕಸ ಹೆಕ್ಕಿ ಬರುತ್ತಿದ್ದರಂತೆ. ಶಾಲೆಗಳಿಗೂ ಪೊಲೀಸ್ ಠಾಣೆಗೂ ಹೋಗಿ ತಾವು ಮಕ್ಕಳನ್ನು ಹಿಡಿದುಕೊಂಡು ಹೋಗುವವರಲ್ಲ ಎಂದು ವಿವರಿಸಿ ಅವರು ಕೊಟ್ಟ ಸಪ್ಪೆ ಚಹಾ ಕುಡಿದು ಬರುವುದೂ ಇವರದೇ ಕೆಲಸ! ಇಷ್ಟಕ್ಕೆಲ್ಲ ದಕ್ಷಿಣೆ ಎಷ್ಟು? ಸೊನ್ನೆ. ಮುಟ್ಟುವಂತೆಯೇ ಇಲ್ಲವಂತೆ.

ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ಯಾರಿಗಾಗಿಯೇ ಆಗಲಿ, ಅವರನ್ನು ಕೇಳದೆ ಪ್ರಾರ್ಥನೆ ಮಾಡಕೂಡದು. ಒಳ್ಳೆಯದಕ್ಕೂ ಕೂಡದು. "ಬಾಗಿಲು ತಟ್ಟದೆ ಇನ್ನೊಬ್ಬರ ಬೆಡ್‌ರೂಮಿಗೆ ನುಗ್ಗುವ ಹಾಗೆ ಅದು," ಎಂದರು ಚಿಕ್ಕಮ್ಮ.

ಮೊದಲ ಸಂಜೆಯೇ ಚಿಕ್ಕಮ್ಮ ಎಲ್ಲರ ಅನುಮತಿ ಕೇಳಿದರು, ಮನೆಯಲ್ಲಿ ಮತದಾನ ನಡೆಯಿತು. ನನ್ನ ಹೆಂಡತಿ ಸುಮಾ, "ಮಾಡಿ ಚಿಕ್ಕಮ್ಮ, ಸಾಧ್ಯವಾದ್ರೆ ದಿನಕ್ಕೆ ಎರಡು ಸಲ ಮಾಡಿ" ಎಂದಳು. ಮೂರನೇ ಕ್ಲಾಸಿನ ಮಗಳು ಯೋಚಿಸಿ, "ಓನ್ಲಿ ಫಾರ್ ಮ್ಯಾಥ್ಸ್, ಅಜ್ಜಿ" ಎಂದು ಷರತ್ತು ಹಾಕಿದಳು. ಪಕ್ಕದ ಫ್ಲ್ಯಾಟಿನ ಐರಿನ್ ಬಾಯಿ, ನಮ್ಮ ಮಂಗಳೂರು ಕಡೆಯ ಕ್ಯಾಥೊಲಿಕರು, "ಮಾಡಿ, ಆದ್ರೆ ನಮ್ಮ ಮಾತೆಯ ಹತ್ತಿರವೇ ಕೇಳ್ಬೇಕು" ಎಂದರು. ಅದಕ್ಕೂ ಚಿಕ್ಕಮ್ಮ ಒಪ್ಪಿದರು. ನನ್ನ ಸರದಿ ಬಂತು. ನಾನು ಎಂಜಿನಿಯರಿಂಗ್ ಓದಿದವನು, ಮರ್ಯಾದೆ ಬಿಟ್ಟುಕೊಡಲಾದೀತೇ?

"ನನಗೆ ಬೇಡ ಚಿಕ್ಕಮ್ಮ. ಅಮ್ಮ ಹೊತ್ತ ಹರಕೆಗಳೇ ಇನ್ನೂ ಕ್ಯೂನಲ್ಲಿ ನಿಂತಿವೆ, ಜಾಗ ಇಲ್ಲ."

"ಆಯ್ತು," ಎಂದರು. ಮತ್ತೊಮ್ಮೆ ಕೇಳಲಿಲ್ಲ.

ಒಂದು ದಿನ ಐರಿನ್ ಬಾಯಿ ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳನ್ನು ಕರೆತಂದು, ಬಾಗಿಲು ಹಾಕಿ, ದನಿ ತಗ್ಗಿಸಿದರು. "ಬಾಯಿ, ಇವಳ ಮ್ಯಾನೇಜರ್ ದೊಡ್ಡ ರಾಕ್ಷಸ. ಅವನ ಮಂಡೆ ಸ್ವಲ್ಪ ತಿರುಗುವ ಹಾಗೆ ನಿಮ್ಮ ಹತ್ತಿರ ಎಂತಾದ್ರೂ ಉಂಟಾ?" ಒಳಗಿನ ಕೋಣೆಯಲ್ಲಿದ್ದ ನನಗೆ ಪೊಲೀಸರು ಮೆಟ್ಟಿಲು ಹತ್ತುವ ಸದ್ದೇ ಕೇಳಿಸಿದಂತಾಯಿತು.

"ಮಾಟ ಇಲ್ಲ," ಎಂದರು ಚಿಕ್ಕಮ್ಮ. "ಅವರಿಗೆ ಒಳ್ಳೆ ಬುದ್ಧಿ ಬರ್ಲಿ ಅಂತ ಬೇಕಾದ್ರೆ ಪ್ರಾರ್ಥನೆ ಮಾಡುವ. ಆದ್ರೆ ಅವರನ್ನು ಕೇಳಿದ್ದೀಯಾ?"

"ಯಾರನ್ನು?"

"ಮ್ಯಾನೇಜರನ್ನು. ಅವರು ಒಪ್ಪಬೇಕಲ್ಲ?"

"ಅವನು ಒಪ್ಪುವ ಜನ ಆಗಿದ್ರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ ಆಂಟಿ!"

"ಹಾಗಾದ್ರೆ ಕೂತ್ಕೊ. ಚಾ ಕುಡಿಯುವ, ನೀನು ಹೇಳು."

ಹುಡುಗಿ ಕೂತು, ಹೇಳಿ, ಅತ್ತು, ಇಂಗ್ಲೆಂಡಿನ ಬಿಸ್ಕತ್ತನ್ನೆಲ್ಲ ಖಾಲಿ ಮಾಡಿ ಹೋದಳು. ಮುಂದಿನ ವಾರ ಮತ್ತೆ ಬಂದಳು. ಮ್ಯಾನೇಜರ್ ಬದಲಾಗಿರಲಿಲ್ಲ, ಬಿಸ್ಕತ್ತಿನ ಬ್ರ್ಯಾಂಡ್ ಬದಲಾಗಿತ್ತು.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ. ಅಬುಧಾಬಿಯಿಂದಲೂ ಆಚೆ, ಮರುಭೂಮಿಯ ಊರಾದ ಮದೀನತ್ ಜಾಯೆದ್‌ನ ಒಂದು ಕಾರ್ಮಿಕರ ಕ್ಯಾಂಪಿನಲ್ಲಿ ಅಡುಗೆ ಮಾಡುವ ಕುಂದಾಪುರದವರೊಬ್ಬರ ತಾಯಿ ಊರಿನಲ್ಲಿ ತೀರಿಕೊಂಡಿದ್ದರು. ಅವರಿಗೆ ಹೋಗಲು ಆಗಿರಲಿಲ್ಲ. ಯಾರಿಂದಲೋ ವಿಷಯ ತಿಳಿದ ಚಿಕ್ಕಮ್ಮ ಫೋನ್ ಮಾಡಿ, "ನಾನು ಬಂದು ಸುಮ್ಮನೆ ಕೂರಬಹುದಾ?" ಎಂದು ಕೇಳಿದ್ದರು. ಅವರು ಬನ್ನಿ ಎಂದಿದ್ದರು. ಸುಮ್ಮನೆ ಕೂರುವುದಕ್ಕೆ ಮೂರು ಗಂಟೆಗೂ ಮೇಲಿನ ದಾರಿ! ಡ್ರೈವರ್ ಯಾರು? ನಾನೇ.

ಅಬುಧಾಬಿ ಗಡಿಯ ಘಂಟೂತ್ ದಾಟುತ್ತಲೇ ಮಂಜು ಮುತ್ತಿತು. ಕಾರು ನಿಂತ ಮೇಲೆ ನಾನು ಪೊಲೀಸರಿಗೆ ಫೋನ್ ಮಾಡಲು ಹೊರಟಿದ್ದೆ. ಚಿಕ್ಕಮ್ಮ "ಇಳಿ" ಎಂದರು. ನಮ್ಮ ಮನೆಗೆ ಬಂದ ಮೇಲೆ ಅವರು ನನಗೆ ಕೇಳದೆ ಕೊಟ್ಟ ಮೊದಲ ಅಪ್ಪಣೆ ಅದು! ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಶರ್ಟಿನ ಕಾಲರ್ ಅವರ ಮುಷ್ಟಿಯಲ್ಲಿತ್ತು. ತಮ್ಮ ಕಡೆಯ ಬಾಗಿಲಿನಿಂದಲೇ ನನ್ನನ್ನು ಹೊರಗೆಳೆದು, ರಸ್ತೆ ಬದಿಯ ಕಂಬಿ ದಾಟಿಸಿ, ಮರಳಿಗೆ ತಂದು ನಿಲ್ಲಿಸಿದರು.

ಆಮೇಲೆ ಆ ಸದ್ದು. ಏನೂ ಕಾಣುವುದಿಲ್ಲ, ಬರೀ ಬಿಳುಪು. ಆ ಬಿಳುಪಿನೊಳಗೆ ದೂರದಲ್ಲಿ ಒಂದು ಧಡ್. ಸ್ವಲ್ಪ ಹತ್ತಿರದಲ್ಲಿ ಇನ್ನೊಂದು. ಬ್ರೇಕಿನ ಕೀರಲು ಸದ್ದು, ಮತ್ತೆ ಧಡ್, ಇನ್ನೂ ಹತ್ತಿರ. ನಿಮ್ಮ ಸರದಿ ಎಷ್ಟನೆಯದೆಂದು ಲೆಕ್ಕ ಹಾಕಲು ಆಗುವುದಿಲ್ಲ, ಹಾಕದೆ ಇರಲೂ ಆಗುವುದಿಲ್ಲ. ಕೊನೆಗೆ ನನ್ನ ಕಾರಿಗೆ ಬಡಿಯಿತು. ನಾನು ಕೂತಿದ್ದ ಸೀಟು ಸ್ಟಿಯರಿಂಗಿಗೆ ಹೋಗಿ ಅಂಟಿಕೊಂಡಿತು.

ಮರಳಿನ ಮೇಲೆ ಸಣ್ಣದೊಂದು ಸಂತೆಯೇ ಸೇರಿತ್ತು. ಚಿಕ್ಕಮ್ಮ ಕೆಲಸಕ್ಕೆ ಇಳಿದರು. ಮೊದಲು ಗಾಯ ನೋಡಿದರು, ರಕ್ತ ಬರುತ್ತಿದ್ದ ಒಂದು ಹಣೆಗೆ ತಮ್ಮ ದುಪಟ್ಟಾ ಕಟ್ಟಿದರು. ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತ ಹೊರಟರು.

"ಪೂಛ್ತೇ ಕ್ಯಾ ಹೋ ಅಮ್ಮಾ? ಕರೋ! ಜಲ್ದೀ ಕರೋ!" ಕೇಳುವುದೆಂಥದು, ಬೇಗ ಮಾಡಿ ಎಂದು ಪಠಾಣ್ ಡ್ರೈವರ್ ಗದರಿದ. ಹೋಟೆಲ್ ಸಮವಸ್ತ್ರದ ಇಬ್ಬರು ಫಿಲಿಪೀನಿ ಹುಡುಗಿಯರು ಅವರ ಕೈ ಹಿಡಿದು ತಲೆಯಾಡಿಸಿದರು. ಅರಬರ ಬಿಳಿ ನಿಲುವಂಗಿ ಕಂದೂರ ತೊಟ್ಟ ವೃದ್ಧರೊಬ್ಬರು "ಮಾಶಾಲ್ಲಾ" ಎಂದವರೇ, ಯಾರನ್ನೂ ಕೇಳದೆ ನಮ್ಮೆಲ್ಲರಿಗೂ ತಾವೇ ಗಟ್ಟಿಯಾಗಿ ದುವಾ ಶುರು ಮಾಡಿದರು! ಒಂದು ಮಲಯಾಳಿ ಮಗು ಚೀರುತ್ತಿತ್ತು. ಚಿಕ್ಕಮ್ಮ ಅದರ ಮುಂದೆ ಮಂಡಿಯೂರಿ ಅದನ್ನೂ ಕೇಳಿದರು! ಮಗು ಚೀರುವುದನ್ನು ನಿಲ್ಲಿಸಿ ಅವರನ್ನೇ ನೋಡಿತು. ಆಮೇಲೆ ಅದರ ತಾಯಿಯನ್ನೂ ಕೇಳಿದರು, ನಿಯಮ ನಿಯಮವೇ.

ಇಷ್ಟು ಹೊತ್ತೂ ಅವರ ಒಂದು ಕೈ ನನ್ನ ಕಾಲರಿನಲ್ಲೇ ಇತ್ತು. ಗಾಯಕ್ಕೆ ಬಟ್ಟೆ ಕಟ್ಟುವಾಗ ಮಾತ್ರ ಬಿಟ್ಟು, ಗಂಟು ಬಿದ್ದೊಡನೆ ಮತ್ತೆ ಹಿಡಿದರು. ಸಂತೆಯಲ್ಲಿ ಕೊಂಡ ಕರುವನ್ನು ಎಳೆದೊಯ್ಯುವ ಹಾಗೆ ನನ್ನನ್ನು ಎಲ್ಲರ ಮುಂದೆಯೂ ಎಳೆದುಕೊಂಡು ತಿರುಗಿದರು. "ಬಿಡಿ ಚಿಕ್ಕಮ್ಮ, ನಾನು ಎಲ್ಲಿಗೂ ಹೋಗುವುದಿಲ್ಲ" ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಮಂಜು ತಿಳಿಯಾಗಿ ಆಂಬುಲೆನ್ಸುಗಳು ಬರುವಷ್ಟರಲ್ಲಿ ಕಾಲರ್ ಹರಿದು ಕೈಗೆ ಬಂದಿತ್ತು.

ಹಾಂ, ಮದೀನತ್ ಜಾಯೆದ್‌ಗೆ ಹೋದೆವು. ಟ್ಯಾಕ್ಸಿ ಹಿಡಿದು, ಸಂಜೆಯ ಹೊತ್ತಿಗೆ. "ತಡ ಆಯ್ತು, ಈಗಲೂ ಬರಬಹುದಾ?" ಎಂದು ಮತ್ತೆ ಫೋನ್ ಮಾಡಿ ಕೇಳಿಯೇ ಹೋದದ್ದು! ಆ ಅಡುಗೆಯವರು ತಾಯಿ ಮಾಡುತ್ತಿದ್ದ ಮೀನು ಸಾರಿನ ಬಗ್ಗೆ ಮಾತಾಡಿದರು. ಚಿಕ್ಕಮ್ಮ ಸುಮ್ಮನೆ ಕೂತರು. ಕಾಲರಿಲ್ಲದ ಶರ್ಟಿನಲ್ಲಿ ನಾನೂ ಕೂತೆ.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ಕಣ್ಣು ಮುಚ್ಚಿದರೆ ಬಿಳುಪು, ಬಿಳುಪಿನೊಳಗೆ ಧಡ್. ಮೇಲಿನ ಫ್ಲ್ಯಾಟಿನವರು ಕುರ್ಚಿ ಎಳೆದರೆ ನಾನು ಹಾಸಿಗೆಯಿಂದ ಹಾರುತ್ತಿದ್ದೆ. ಜಗತ್ತೇ ನನ್ನ ನಿದ್ದೆಗೆ ಟೊಂಕ ಕಟ್ಟಿ ನಿಂತಿತು. ಐರಿನ್ ಬಾಯಿ ತೀರ್ಥದ ಬಾಟಲಿ ತಂದು ನನ್ನ ದಿಂಬಿಗೆ ಎಷ್ಟು ಭಕ್ತಿಯಿಂದ ಚಿಮುಕಿಸಿದರೆಂದರೆ, ನಿದ್ದೆಯ ಬದಲು ನೆಗಡಿ ಬಂತು. ಅಮ್ಮ ಉಡುಪಿಯಿಂದ ಫೋನ್ ಮಾಡಿ, "ನಿನ್ನ ತಲೆಕೂದಲು ಕೊಡ್ತೇನೆ ಅಂತ ಹರಕೆ ಹೊತ್ತಿದ್ದೇನೆ ಮಗ" ಎಂದಳು. ಉಳಿದಿರುವುದೇ ನಾಲ್ಕು ಕೂದಲು, ಅದನ್ನೂ ನನ್ನನ್ನು ಕೇಳದೆ ಒತ್ತೆ ಇಟ್ಟಾಯಿತು! ಚಿಕ್ಕಮ್ಮ ಮಾತ್ರ ಏನೂ ಮಾಡಲಿಲ್ಲ. "ಚಾ ಬೇಕಾ?" ಎನ್ನುತ್ತಿದ್ದರು, ಅಷ್ಟೇ.

ವಾರಗಳು ಉರುಳಿದವು. ಒಂದು ಗುರುವಾರ ಸಂಜೆ ನನಗೆ ರೇಗಿತು.

"ಊರಿಗೆಲ್ಲ ಪ್ರಾರ್ಥನೆ ಮಾಡ್ತೀರಿ. ಮನೆಯವನು ಹೀಗೆ ಒದ್ದಾಡುವುದು ಕಾಣುವುದಿಲ್ಲವಾ?"

"ನೀನು ಬೇಡ ಅಂದಿದ್ದಿ."

"ಅದು ಯಾವತ್ತೋ ತಮಾಷೆಗೆ! ಅವತ್ತು ಮಂಜಿನಲ್ಲಿ ಹೇಗೂ ಮಾಡಿರ್ತೀರಲ್ಲ?"

"ಇಲ್ಲ."

"ಇಲ್ಲವಾ?"

"ಅಲ್ಲಿದ್ದವರಿಗೆಲ್ಲ ಕೇಳ್ಕೊಂಡೆ, ನಿನ್ನೊಬ್ಬನನ್ನು ಬಿಟ್ಟು."

"ಸಾಯುವ ಹೊತ್ತಿನಲ್ಲೂ ನಿಯಮವಾ ಚಿಕ್ಕಮ್ಮ!"

ಅವರು ಚಹಾದ ಲೋಟವನ್ನು ಕೆಳಗಿಟ್ಟರು. "ಎಂತ ಮಾಡೂದು ಮಾರಾಯ? ಬೇಡ ಅಂದವನನ್ನು ದೇವರ ಕೈಗೆ ಕೊಡುವ ಹಾಗಿಲ್ಲ. ಅದಕ್ಕೇ ನಾನೇ ಹಿಡ್ಕೊಂಡದ್ದು."

ನನ್ನ ಕೈ ತಾನಾಗಿ ಕಾಲರಿನ ಹತ್ತಿರ ಹೋಯಿತು.

"ಈಗ ಮಾಡಿ," ಎಂದೆ.

"ಎಂತ ಕೇಳ್ಲಿ?"

"ನಿದ್ದೆ."

"ಅಷ್ಟೇ ಸಾಕಾ? ಬೇರೆ ಎಂತಾದ್ರೂ?"

"ಸದ್ಯಕ್ಕೆ ಅಷ್ಟೇ."

ಅವರು ಕಣ್ಣು ಮುಚ್ಚಿದರು. ಹೊಗೆಯಿಲ್ಲ, ಮಂತ್ರವಿಲ್ಲ, ಗಂಟೆಯಿಲ್ಲ. ಕೆಟಲ್‌ನಲ್ಲಿ ನೀರು ಕುದಿಯುವಷ್ಟು ಹೊತ್ತು ಹಾಗೇ ಕೂತಿದ್ದು, "ಆಯ್ತು" ಎಂದು ಎದ್ದು ಲೋಟ ತೊಳೆಯಲು ಹೋದರು.

ಪ್ರಾರ್ಥನೆ ಕೆಲಸ ಮಾಡಿತೋ, ಆ ಮಾತು ಕೆಲಸ ಮಾಡಿತೋ, ಎಂಜಿನಿಯರಿಂಗ್ ಓದಿದ ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಪರದೆಯ ಸಂದಿನಿಂದ ಬಿಸಿಲು ಮುಖಕ್ಕೆ ಬಿದ್ದಿತ್ತು. ಶುಕ್ರವಾರ, ಒಂಬತ್ತು ಗಂಟೆ ದಾಟಿತ್ತು. ಹಾಲಿಗೆ ಬಂದರೆ ಸುಮಾ ತುಟಿಯ ಮೇಲೆ ಬೆರಳಿಟ್ಟಳು. ಸೋಫಾದ ಮೇಲೆ ಚಿಕ್ಕಮ್ಮ ಬಾಯಿ ತೆರೆದು, ಇಡೀ ಅಲ್ ನಹ್ದಾಕ್ಕೆ ಕೇಳುವ ಹಾಗೆ ಗೊರಕೆ ಹೊಡೆಯುತ್ತಿದ್ದರು.

"ಅವತ್ತಿನಿಂದ ಅವರೂ ರಾತ್ರಿ ಮಲಗಿರಲಿಲ್ಲ ರೀ," ಎಂದು ಸುಮಾ ಪಿಸುಗುಟ್ಟಿದಳು. "ದಿನಾ ಇಲ್ಲೇ ಕೂತಿರುತ್ತಿದ್ದರು. ಯಾಕೆ ಅಂತ ಕೇಳಿದ್ರೆ, ಪ್ರಾರ್ಥನೆಗೆ ಅವನ ಒಪ್ಪಿಗೆ ಬೇಕು, ನಾನು ಅವನ ಜೊತೆ ಎಚ್ಚರ ಇರಲಿಕ್ಕೆ ಬೇಡ ಅಲ್ವಾ, ಅಂದ್ರು."

ಎಸಿಯ ಗಾಳಿಗೆ ಅವರು ಮುದುಡಿಕೊಂಡಿದ್ದರು. ಒಳಗಿನಿಂದ ನನ್ನ ಹೊದಿಕೆ ತಂದೆ. ಹೊದಿಸಲು ಬಗ್ಗಿದವನು ಹಾಗೇ ನಿಂತೆ.

"ಚಿಕ್ಕಮ್ಮ," ಎಂದೆ ಮೆಲ್ಲಗೆ. "ಹೊದಿಸ್ಲಾ?"

ನಿದ್ದೆಯಲ್ಲೇ "ಹ್ಞೂಂ" ಎಂದರು.